ಅಕ್ಷರ ಕೆಟ್ಟಿಲ್ಲ, ಓದುವ ಕ್ರಮ ತಪ್ಪಿದೆ

ಹಳೆಯ ಕನ್ನಡ ಕಡತವೊಂದನ್ನು ಗಣಕದಲ್ಲಿ ತೆರೆಯುತ್ತೀರಿ. ಕನ್ನಡದ ಬದಲು ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಗುರುತುಗಳ ಜಾತ್ರೆ! ಇಲ್ಲವೇ ಸಾಲುಸಾಲಾಗಿ ಖಾಲಿ ಚೌಕಗಳು. ಇಲ್ಲವೇ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಆಗ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಇವು: 'ವೈರಸ್ ಬಂದಿರಬೇಕು', 'ಫೈಲ್ ಕೆಟ್ಟುಹೋಗಿದೆ', 'ಅಳಿಸಿಹಾಕಿ, ಬೇಕಾದರೆ ಮತ್ತೆ ಟೈಪ್ ಮಾಡಿದರಾಯ್ತು'.

ತಂತ್ರಾಂಶ ಬರೆಯುವುದೇ ಉದ್ಯೋಗವಾಗಿರುವ ನನ್ನಂಥವರಿಗೆ ಈ ದೃಶ್ಯ ದಿನನಿತ್ಯದ್ದು. ಈ ಮೂರು ತೊಂದರೆಗಳಲ್ಲಿ ಎರಡರಲ್ಲಿ ಕಡತಕ್ಕೆ ಏನೂ ಆಗಿರುವುದಿಲ್ಲ. ಒಂದರಲ್ಲಿ ಮಾತ್ರ ನಿಜವಾಗಿಯೂ ನಷ್ಟವಾಗಿರುತ್ತದೆ. ಯಾವುದು ಯಾವುದೆಂದು ತಿಳಿಯದೆ ಅಳಿಸುವುದೆಂದರೆ, ನಾಡಿ ಹಿಡಿದು ನೋಡದೆ ರೋಗಿ ಸತ್ತನೆಂದು ಸಾರಿದಂತೆ. ಶಾಲೆಗಳಲ್ಲಿ ಈ ತಪ್ಪು ನಡೆಯಬಾರದು ಎಂಬುದು ನನ್ನ ವಾದ. ಅದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ನಾಲ್ಕನೇ ತರಗತಿಯ ಮಗುವಿಗೂ ಅರ್ಥವಾಗುವ ಒಂದೇ ಒಂದು ವಿಷಯ ತಿಳಿದಿದ್ದರೆ ಸಾಕು.

ಗಣಕಕ್ಕೆ ಅಕ್ಷರವೇ ಗೊತ್ತಿಲ್ಲ!

ಹೌದು, ಗಣಕಕ್ಕೆ 'ಕ' ಗೊತ್ತಿಲ್ಲ, 'ಎ' ಕೂಡ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಮನುಷ್ಯರು ಮೊದಲೇ ಒಪ್ಪಂದ ಮಾಡಿಕೊಂಡು ಒಂದು ಕೋಷ್ಟಕ ತಯಾರಿಸಬೇಕು. ಅಮೆರಿಕದಲ್ಲಿ 1963ರಲ್ಲಿ ಹೊರಬಂದ 'ಆಸ್ಕಿ' ಅಂಥದೊಂದು ಕೋಷ್ಟಕ. ಅದರಲ್ಲಿ 128 ಮನೆಗಳು. ಇಂಗ್ಲಿಷಿನ ದೊಡ್ಡ 'ಎ' 65ನೆಯ ಸಂಖ್ಯೆಯದು, ಪ್ರಶ್ನಾರ್ಥಕ ಚಿಹ್ನೆ 63ನೆಯದು. ಇಂಗ್ಲಿಷಿಗೆ ಇಷ್ಟು ಸಾಕಾಯಿತು. ಮುಂದೆ ಮನೆಗಳನ್ನು 256ಕ್ಕೆ ಏರಿಸಿದಾಗ ಯುರೋಪಿನ ಇತರ ಭಾಷೆಗಳ ಗೆರೆ, ಚುಕ್ಕೆ ಹೊತ್ತ ಅಕ್ಷರಗಳಿಗೂ ಜಾಗ ಸಿಕ್ಕಿತು.

ಕನ್ನಡದ ಗತಿಯೇನು? ನಮ್ಮ 34 ವ್ಯಂಜನಗಳಿಗೆ ಕಾಗುಣಿತ ಬರೆದರೆ ಸಾಕು, 400 ದಾಟುತ್ತದೆ. ಅದರ ಮೇಲೆ ಒತ್ತಕ್ಷರಗಳು ಬೇರೆ. 256 ಮನೆಗಳಲ್ಲಿ ಇವು ಹಿಡಿಸುವುದು ಹೇಗೆ? ನಮ್ಮ ತಂತ್ರಜ್ಞರು ಒಂದು ಜಾಣತನದ ದಾರಿ ಹುಡುಕಿದರು. ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ತುಂಡು, ತಲೆಕಟ್ಟಿಲ್ಲದ 'ಕ' ಇನ್ನೊಂದು ತುಂಡು, ನ-ಒತ್ತು ಮತ್ತೊಂದು. ಈ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿ ಫಾಂಟ್ ತಯಾರಿಸಿದರು. ಹಳೆಯ ನುಡಿ ಮತ್ತು ಬರಹ ಫಾಂಟುಗಳು ಕೆಲಸ ಮಾಡುತ್ತಿದ್ದುದು ಹೀಗೆ.

ಆ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಗಣಕದಲ್ಲಿ ಉಳಿಯುವುದು ಏಳು ಸಂಖ್ಯೆಗಳು: 80, 192, 163, 192, 223, 113, 192. ಇದರಲ್ಲಿ 192 ಮೂರು ಬಾರಿ ಬಂದಿದೆ, ನೋಡಿ. ಅದೇ ತಲೆಕಟ್ಟು. 80 ಎಂದರೆ 'ಕ'ದ ದೇಹ. 163 ಎಂದರೆ 'ನ'ದ ದೇಹ. 223 ಎಂದರೆ ನ-ಒತ್ತು. 113 ಎಂದರೆ 'ಡ'ದ ದೇಹ. ಆ ಫಾಂಟ್ ಇರುವ ಗಣಕದಲ್ಲಿ ಇದು ಚೆಂದವಾಗಿ 'ಕನ್ನಡ' ಎಂದು ಕಾಣುತ್ತದೆ. ಫಾಂಟ್ ಇಲ್ಲದ ಗಣಕ ಏನು ಮಾಡುತ್ತದೆ? ತನಗೆ ಗೊತ್ತಿರುವ ಕೋಷ್ಟಕದಲ್ಲಿ ಹುಡುಕುತ್ತದೆ. ಅಲ್ಲಿ 80 ಎಂದರೆ ಇಂಗ್ಲಿಷಿನ ದೊಡ್ಡ 'ಪಿ', 192 ಎಂದರೆ ಗೆರೆ ಹೊತ್ತ ದೊಡ್ಡ 'ಎ', 163 ಎಂದರೆ ಬ್ರಿಟಿಷರ ಪೌಂಡ್ ಚಿಹ್ನೆ! ಪರದೆಯ ಮೇಲಿನ ಜಾತ್ರೆಯ ಗುಟ್ಟು ಇಷ್ಟೇ. ಸಂಖ್ಯೆಗಳು ಇದ್ದ ಹಾಗೇ ಇವೆ, ಓದಲು ಬಳಸಿದ ಕೋಷ್ಟಕ ಬೇರೆ.

ಈಗಿನ ಕಾಲಕ್ಕೆ ಆ ಫಾಂಟುಗಳನ್ನು ದೂರುವುದು ಸುಲಭ. ನಾನು ದೂರುವುದಿಲ್ಲ. ಬೇರೆ ಜಾಗವೇ ಇಲ್ಲದಿದ್ದಾಗ ಅವು ಕನ್ನಡಕ್ಕೆ ಜಾಗ ಮಾಡಿಕೊಟ್ಟವು. ಆದರೆ ಬಾಡಿಗೆ ಮನೆ ಬಾಡಿಗೆ ಮನೆಯೇ. ಒಂದು ಕಂಪನಿಯ ಫಾಂಟಿನಲ್ಲಿ 'ಕ' ಒಂದು ಮನೆಯಲ್ಲಿ, ಇನ್ನೊಂದು ಕಂಪನಿಯದರಲ್ಲಿ ಬೇರೆ ಮನೆಯಲ್ಲಿ. ಹುಡುಕುವುದೂ ಕಷ್ಟ, ಅಕಾರಾದಿಯಾಗಿ ಜೋಡಿಸುವುದೂ ಕಷ್ಟ.

ಸ್ವಂತ ಮನೆ

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ದೊಡ್ಡ ಕೋಷ್ಟಕ ಎಂಬ ಯೋಚನೆಯಿಂದ ಹುಟ್ಟಿದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ದೊರೆಯಿತು. ಆ ಬೀದಿ 3200ರಿಂದ 3327ರವರೆಗೆ. 'ಅ' 3205, 'ಕ' 3221, 'ಖ' 3222, 'ಗ' 3223. ಈ ಸಂಖ್ಯೆಗಳು ಕನ್ನಡಕ್ಕೆ ಮಾತ್ರ ಸೇರಿದವು. ಬೇರೆ ಯಾವ ಭಾಷೆಯ ಅಕ್ಷರವೂ ಅಲ್ಲಿ ಬಂದು ಕೂರುವುದಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ತೋರಿಸುವ 'ತುಂಗಾ' ಎಂಬ ಫಾಂಟ್ ಇತ್ತು. ಇಂದು ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಕನ್ನಡ ಸಂದೇಶ ಬರುವುದು ಇದೇ ಯೂನಿಕೋಡಿನ ದೆಸೆಯಿಂದ.

ಇಲ್ಲೊಂದು ಮೋಜಿನ ಸಂಗತಿ. 'ಕನ್ನಡ' ಪದದಲ್ಲಿ ಎಷ್ಟು ಅಕ್ಷರಗಳಿವೆ? ಮಕ್ಕಳು ಮೂರು ಎನ್ನುತ್ತಾರೆ, ಸರಿಯೇ. ಗಣಕ ಐದು ಎನ್ನುತ್ತದೆ! ಯೂನಿಕೋಡಿನಲ್ಲಿ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂದು ಉಳಿಯುತ್ತದೆ: 3221, 3240, 3277, 3240, 3233. 'ನ'ದ ಸ್ವರವನ್ನು ತೆಗೆದು ಮುಂದಿನ 'ನ'ಕ್ಕೆ ಸೇರಿಸು ಎಂದು ಹೇಳುವುದು ನಡುವಿನ 3277. ಒತ್ತಕ್ಷರದ ಬಗ್ಗೆ ನಮ್ಮ ವ್ಯಾಕರಣ ಪಾಠ ಹೇಳುವುದೂ ಇದನ್ನೇ ತಾನೆ? ವ್ಯಾಕರಣ ಬಲ್ಲ ಶಿಕ್ಷಕರಿಗೆ ಯೂನಿಕೋಡ್ ಅರ್ಧ ಗೊತ್ತಿದ್ದಂತೆಯೇ.

ಇನ್ನೊಂದು ಕುತೂಹಲ. ಈ ಬೀದಿಯಲ್ಲಿ 'ಳ' ಎಲ್ಲಿದೆ ಗೊತ್ತೆ? ನಮ್ಮ ವರ್ಣಮಾಲೆಯಲ್ಲಿ ಅದು 'ಹ'ದ ನಂತರ ಕೊನೆಯಲ್ಲಿ ಬರುತ್ತದೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 3251. 'ವ' 3253, 'ಹ' 3257. ಅಂದರೆ ಬರೀ ಸಂಖ್ಯೆ ನೋಡಿ ಹೆಸರುಗಳನ್ನು ಜೋಡಿಸಿದರೆ 'ಳ' ಅಕ್ಷರ 'ವ', 'ಹ'ಗಳಿಗಿಂತ ಮೊದಲು ಬಂದುಬಿಡುತ್ತದೆ. ಕನ್ನಡದ ಕ್ರಮ ಬೇಕೆಂದರೆ ಅದನ್ನು ತಂತ್ರಾಂಶಕ್ಕೆ ಬೇರೆಯಾಗಿ ಕಲಿಸಬೇಕು. ಕನ್ನಡ ಬಲ್ಲವರು ತಂತ್ರಾಂಶ ಬರೆಯಬೇಕು ಎನ್ನುವುದಕ್ಕೆ ಇದೊಂದು ಕಾರಣ.

ಮೂರು ಲಕ್ಷಣ, ಮೂರು ಕಾರಣ

ಈಗ ಮೊದಲಿನ ಮೂರು ತೊಂದರೆಗಳಿಗೆ ಬರೋಣ.

ಮೊದಲನೆಯದು, ಚೌಕಗಳು. ಗಣಕಕ್ಕೆ ಸಂಖ್ಯೆ ಗೊತ್ತು, ಅದು ಯಾವ ಅಕ್ಷರ ಎಂಬುದೂ ಗೊತ್ತು. ಆದರೆ ಬರೆದು ತೋರಿಸಲು ಆ ಅಕ್ಷರದ ಚಿತ್ರವಿರುವ ಫಾಂಟ್ ಇಲ್ಲ. ಕಡತ ಸಂಪೂರ್ಣ ಕ್ಷೇಮ. ಕನ್ನಡ ಫಾಂಟ್ ಹಾಕಿದರೆ ಸಾಕು.

ಎರಡನೆಯದು, ವಿಚಿತ್ರ ಗುರುತುಗಳ ಜಾತ್ರೆ. ಇದು ತಪ್ಪು ಕೋಷ್ಟಕದಿಂದ ಓದಿದ ಫಲ. ಇದರಲ್ಲೂ ಎರಡು ಬಗೆ. ಪೌಂಡ್ ಚಿಹ್ನೆ ಮತ್ತು ಗೆರೆ ಹೊತ್ತ ದೊಡ್ಡ 'ಎ' ಮತ್ತೆ ಮತ್ತೆ ಬರುತ್ತಿದ್ದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನ ಬರವಣಿಗೆ ಇರಬಹುದು. ಗೆರೆ ಹೊತ್ತ ಸಣ್ಣ 'ಎ' ಮತ್ತು ಅದರ ಪಕ್ಕದಲ್ಲಿ ವರ್ಗದ ಗುರುತಿನಂಥ ಪುಟ್ಟ 2 ಅಥವಾ ಘನದ ಗುರುತಿನಂಥ ಪುಟ್ಟ 3 ಸಾಲಾಗಿ ಬರುತ್ತಿದ್ದರೆ ಅದು ಖಂಡಿತ ಯೂನಿಕೋಡ್ ಕನ್ನಡ!

ಏಕೆ ಹೀಗೆ? ಯೂನಿಕೋಡ್ ಸಂಖ್ಯೆಗಳು ದೊಡ್ಡವು. ಒಂದು ಬೈಟ್ ಎಂದರೆ 0ರಿಂದ 255ರವರೆಗಿನ ಸಂಖ್ಯೆ ಹಿಡಿಸುವ ಒಂದು ಪೆಟ್ಟಿಗೆ. 3221 ಒಂದು ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಅದಕ್ಕಾಗಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು ತಂತ್ರಜ್ಞರು 1992ರಲ್ಲಿ ಯುಟಿಎಫ್-8 ಎಂಬ ವಿಧಾನ ರೂಪಿಸಿದರು. ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದರ ರೂಪುರೇಷೆ ಗೀಚಿದರಂತೆ! ಈ ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಪೆಟ್ಟಿಗೆ. 'ಕ' ಎಂದರೆ 224, 178, 149. ಹಳೆಯ ಕೋಷ್ಟಕದಲ್ಲಿ 224 ಎಂದರೆ ಗೆರೆ ಹೊತ್ತ ಸಣ್ಣ 'ಎ', 178 ಎಂದರೆ ಪುಟ್ಟ 2, 179 ಎಂದರೆ ಪುಟ್ಟ 3. ಕನ್ನಡದ ಎಲ್ಲ ಸಂಕೇತಗಳೂ 224ರಿಂದಲೇ ಶುರುವಾಗುತ್ತವೆ. ವ್ಯಂಜನಗಳಿಗೆ ಸಾಮಾನ್ಯವಾಗಿ 2, ವಿರಾಮ ಚಿಹ್ನೆಗೂ ಬಹುತೇಕ ಸ್ವರಚಿಹ್ನೆಗಳಿಗೂ 3. ಹೆಜ್ಜೆಗುರುತು ನೋಡಿ ಪ್ರಾಣಿ ಹೇಳುವ ಕಾಡಿನವರಂತೆ, ಈ ಗುರುತು ನೋಡಿ 'ಇದು ಕನ್ನಡ' ಎಂದು ಹೇಳಬಹುದು. ಓದುವ ತಂತ್ರಾಂಶಕ್ಕೆ 'ಇದನ್ನು ಯುಟಿಎಫ್-8 ಎಂದು ಓದು' ಎಂದು ಹೇಳಿದರೆ ಸಾಲು ನೆಟ್ಟಗಾಗುತ್ತದೆ.

ಮೂರನೆಯದು, ಪ್ರಶ್ನಾರ್ಥಕ ಚಿಹ್ನೆಗಳು. ಅಪಾಯ ಇರುವುದು ಇಲ್ಲಿ. ಯಾವುದೋ ತಂತ್ರಾಂಶ ಕನ್ನಡವನ್ನು ಕನ್ನಡವಿಲ್ಲದ ಕೋಷ್ಟಕಕ್ಕೆ ಬದಲಿಸಲು ಹೋಗಿದೆ. ಮನೆ ಸಿಗದ ಪ್ರತಿ ಅಕ್ಷರದ ಜಾಗದಲ್ಲೂ 63 ಎಂದು ಬರೆದಿದೆ. 'ಕ'ಕ್ಕೂ 63, 'ಮ'ಕ್ಕೂ 63. ಹಾಗೆಯೇ ಉಳಿಸಿಬಿಟ್ಟರೆ ಮೂಲ ಸಂಖ್ಯೆಗಳು ಹೋದಂತೆಯೇ. ಯಾವ ಮಂತ್ರವಾದಿಯೂ ಅವನ್ನು ಮರಳಿ ತರಲಾರ. ಬೇರೆ ಪ್ರತಿ ಇದ್ದರೆ ಮಾತ್ರ ಉಳಿಗಾಲ.

ಆದ್ದರಿಂದ ನನ್ನ ಮೊದಲ ಸಲಹೆ: ಅಕ್ಷರ ವಿಚಿತ್ರವಾಗಿ ಕಂಡ ಕೂಡಲೇ 'ಸೇವ್' ಗುಂಡಿ ಒತ್ತಬೇಡಿ. ಮೊದಲು ಕಡತದ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಪ್ರಯೋಗವೆಲ್ಲ ಪ್ರತಿಯ ಮೇಲೆ ನಡೆಯಲಿ, ಮೂಲ ಹಾಗೇ ಇರಲಿ.

ಕಣ್ಣಿಗೆ ಒಂದೇ, ಲೆಕ್ಕಕ್ಕೆ ಬೇರೆ

ಹಾಗಾದರೆ ಯೂನಿಕೋಡ್ ಬಂದ ಮೇಲೆ ತೊಂದರೆಯೇ ಇಲ್ಲವೆ? ಇದೆ. ಈ ಎರಡು ಹೆಸರುಗಳನ್ನು ನೋಡಿ: ಗಂಗಾ, ಗ೦ಗಾ. ಒಂದೇ ಹೆಸರು, ಅಲ್ಲವೆ? ಗಣಕ ಅಲ್ಲ ಎನ್ನುತ್ತದೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಅದರ ಸಂಖ್ಯೆ 3202. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ. ಅದರ ಸಂಖ್ಯೆ 3302. ಸರಿಯಾಗಿ ನೂರರ ವ್ಯತ್ಯಾಸ! ಕಣ್ಣಿಗೆ ಕಾಣುವುದು ಎರಡೂ ಹೆಚ್ಚು ಕಡಿಮೆ ಒಂದೇ ಬಗೆಯ ದುಂಡು.

ಇದರಿಂದ ಆಗುವುದೇನು? ದಾಖಲಾತಿ ಪಟ್ಟಿಯಲ್ಲಿ ಒಂದು ಮಗುವಿನ ಹೆಸರನ್ನು ಅಂಕಿ ಸೊನ್ನೆ ಹಾಕಿ ಬರೆದಿದ್ದಾರೆ ಎಂದುಕೊಳ್ಳಿ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಅನುಸ್ವಾರ ಹಾಕಿ ಬರೆದಿದ್ದಾರೆ. ಎರಡನ್ನೂ ಹೋಲಿಸುವ ತಂತ್ರಾಂಶ 'ಇಂಥ ಹೆಸರು ಇಲ್ಲ' ಎನ್ನುತ್ತದೆ. ಕಾಗದದ ಮೇಲೆ ಅಚ್ಚು ಹಾಕಿ ನೋಡಿದರೆ ಎರಡೂ ಸರಿಯಾಗಿಯೇ ಇವೆ! ಮಗು ಇದೆ, ಹೆಸರಿದೆ, ಅರ್ಹತೆಯಿದೆ. ಒಂದು ಸೊನ್ನೆಯಿಂದ ಎಲ್ಲವೂ 'ಇಲ್ಲ' ಆಗುತ್ತದೆ. 'ಸುರೇಶ್' ಎಂಬಂಥ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸಂಕೇತ, ಅಂದರೆ 8204, ಅಂಟಿಕೊಂಡಿದ್ದರೂ ಇದೇ ಗತಿ. ಅರ್ಧಾಕ್ಷರದ ಮುಂದೆ ಒತ್ತು ಬಾರದಂತೆ ತಡೆಯಲು ಬಳಸುವ ಸಂಕೇತ ಅದು. ಪದದ ನಡುವೆ ಅದರಿಂದ ಉಪಕಾರವಿದೆ. ಕೊನೆಯಲ್ಲಿ ಅದು ಸದ್ದಿಲ್ಲದೆ ಕುಳಿತಿರುತ್ತದೆ.

ಇಂಥ ತೊಂದರೆಗಳನ್ನು ಹುಡುಕುವಾಗ ತಂತ್ರಾಂಶ ಬರೆಯುವವರು ಪಾಲಿಸುವ ನಿಯಮ ಒಂದೇ: ಪರದೆಯನ್ನು ನಂಬಬೇಡ, ಸಂಖ್ಯೆಯನ್ನು ನೋಡು. ಎರಡೂ ಹೆಸರುಗಳ ಪ್ರತಿಯೊಂದು ಸಂಕೇತದ ಸಂಖ್ಯೆಯನ್ನು ಸಾಲಾಗಿ ಬರೆದರೆ 3202, 3302ರ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ಕೈಯಿಂದ ಮುಟ್ಟಿ ಜ್ವರ ಹೇಳುವ ಬದಲು ಥರ್ಮಾಮೀಟರ್ ಇಡುವುದಿಲ್ಲವೆ? ಹಾಗೆಯೇ ಇದು. ಊಹಿಸುವ ಬದಲು ಅಳೆಯುವುದು. ವಿಜ್ಞಾನ ಪಾಠದಲ್ಲಿ ನಾವು ಹೇಳಿಕೊಡಬೇಕಾದ ಗುಣವೂ ಅದೇ.

ಗಣಕವಿಲ್ಲದೆ ಗಣಕ ಪಾಠ

ಇದನ್ನು ಮಕ್ಕಳಿಗೆ ತಿಳಿಸಲು ಗಣಕವೇ ಬೇಕಿಲ್ಲ. ಕಪ್ಪು ಹಲಗೆ, ಸೀಮೆಸುಣ್ಣ ಸಾಕು. ತರಗತಿಯಲ್ಲಿ ಎರಡು ಗುಂಪು ಮಾಡಿ. ಮೊದಲ ಗುಂಪಿಗೆ ಈ ಕೋಷ್ಟಕ ಕೊಡಿ: ಕ-1, ಮ-2, ಲ-3, ಬ-4, ಸ-5, ವ-6, ನ-7, ಗ-8, ರ-9. ಎರಡನೆಯ ಗುಂಪಿಗೆ ಬೇರೆ ಕೋಷ್ಟಕ: ಬ-1, ಸ-2, ವ-3, ನ-4, ಗ-5, ರ-6, ಕ-7, ಮ-8, ಲ-9. ಮೊದಲ ಗುಂಪು 'ಕಮಲ' ಎಂಬ ಪದವನ್ನು 1, 2, 3 ಎಂದು ಚೀಟಿಯಲ್ಲಿ ಬರೆದು ಕಳಿಸಲಿ. ಎರಡನೆಯ ಗುಂಪು ಅದನ್ನು ಏನೆಂದು ಓದುತ್ತದೆ? 'ಬಸವ'! ಇವರು 'ಬಸವ' ಎಂದು ಕಳಿಸಿದರೆ ಅವರು 'ನಗರ' ಎಂದು ಓದುತ್ತಾರೆ.

ಮಕ್ಕಳು ನಗುತ್ತಾರೆ, ನಗಲಿ. ಆಮೇಲೆ ಕೇಳಿ: ಚೀಟಿ ಕೆಟ್ಟಿದೆಯೆ? ಸಂಖ್ಯೆ ಅಳಿಸಿದೆಯೆ? ತಪ್ಪು ಎಲ್ಲಿದೆ? ಕೋಷ್ಟಕದಲ್ಲಿದೆ ಎಂದು ಅವರೇ ಕಂಡುಹಿಡಿಯುತ್ತಾರೆ. ಕೋಷ್ಟಕ ಬದಲಿಸಿಕೊಟ್ಟರೆ 'ಕಮಲ' ಮರಳಿ ಅರಳುತ್ತದೆ. ಕೊನೆಗೆ ಮೂರನೆಯ ಆಟ: ಗೊತ್ತಿಲ್ಲದ ಸಂಖ್ಯೆಗಳ ಜಾಗದಲ್ಲಿ ಪ್ರಶ್ನಾರ್ಥಕ ಹಾಕಿ ಹೊಸ ಚೀಟಿ ಬರೆಯಿರಿ, ಹಳೆಯದನ್ನು ಹರಿದುಬಿಡಿ. ಈಗ ಯಾರಾದರೂ 'ಕಮಲ' ಓದಬಲ್ಲರೆ? ಯಾವುದು ಸರಿಪಡಿಸಬಹುದಾದ ತೊಂದರೆ, ಯಾವುದು ಶಾಶ್ವತ ನಷ್ಟ ಎಂಬುದು ಹದಿನೈದು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಕೆಲಸ ಈಗಲೇ ಆಗಬೇಕು

'ಇದೆಲ್ಲ ನಮಗೇಕೆ? ಟೈಪ್ ಮಾಡುವವರು ನೋಡಿಕೊಳ್ಳುತ್ತಾರೆ' ಎಂದು ಕೆಲವು ಶಿಕ್ಷಕ ಮಿತ್ರರು ಹೇಳಬಹುದು. ಶಾಲೆಯ ಕೆಲಸದ ಹೊರೆ ನನಗೆ ತಿಳಿಯದ್ದಲ್ಲ. ಆದರೆ ಒಂದು ಮಾತು ಯೋಚಿಸಿ. ಹಳೆಯ ಫಾಂಟುಗಳ ಕಾಲದಲ್ಲಿ ಶಾಲೆಗಳಲ್ಲಿ ಟೈಪ್ ಆದದ್ದು ಪತ್ರ, ಪ್ರಶ್ನೆಪತ್ರಿಕೆ ಮಾತ್ರವೆ? ಮಕ್ಕಳು ಹೇಳಿದ ಅಜ್ಜಿಕತೆ, ಊರಿನ ಗಿಡಮರಗಳ ಪಟ್ಟಿ, ಕೆರೆಯ ಇತಿಹಾಸ, ಶಾಲೆಯ ಸ್ಮರಣ ಸಂಚಿಕೆ ಇಂಥವೂ ಇದ್ದವು. ಅವು ಈಗ ಯಾವುದೋ ಸಿ.ಡಿ.ಯಲ್ಲಿ, ಪೆನ್‌ಡ್ರೈವಿನಲ್ಲಿ, ಮೂಲೆಗೆ ಸೇರಿದ ಗಣಕದಲ್ಲಿ ಕುಳಿತಿರಬಹುದು. ಸಿ.ಡಿ.ಗೂ ಆಯುಷ್ಯವಿದೆ. ಆ ಫಾಂಟುಗಳಲ್ಲಿ ಕೆಲಸ ಮಾಡಿ ಗೊತ್ತಿರುವ ಶಿಕ್ಷಕರೂ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಕತೆ ಹೇಳಿದ ಅಜ್ಜಿ ಇಂದು ಇಲ್ಲದಿದ್ದರೆ 'ಮತ್ತೆ ಟೈಪ್ ಮಾಡಿದರಾಯ್ತು' ಎನ್ನಲು ಸಾಧ್ಯವೆ?

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವು ನೂರಕ್ಕೆ ನೂರು ಸರಿಯಾಗಿರುವುದಿಲ್ಲ ಎಂಬುದು ನಿಜ. 'ಅರ್ಕ' ಎಂಬ ಪದವನ್ನೇ ನೋಡಿ. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮದಲ್ಲಿ 'ಕ' ಮೊದಲು, ಅರ್ಕಾವತ್ತು ಆಮೇಲೆ ಎಂದು ಇಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ 'ರ' ಮೊದಲು, 'ಕ' ಆಮೇಲೆ ಎಂದು ಇಡುತ್ತದೆ. ಪರಿವರ್ತಕ ಇದನ್ನು ಅದಲುಬದಲು ಮಾಡಬೇಕು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ತುಂಡುಗಳಾಗಿ ಬಿಡುತ್ತದೆ. ಹಾಗಾಗಿ ಮನುಷ್ಯರು ಕೂತು ಒಮ್ಮೆ ಓದಲೇಬೇಕು. ಊರಿನ ಗಿಡದ ಹೆಸರು ಸರಿಯಾಗಿದೆಯೇ ಎಂದು ಹೇಳಬಲ್ಲವರು ಆ ಊರಿನ ಶಿಕ್ಷಕರು ಮತ್ತು ಮಕ್ಕಳೇ ಹೊರತು ನಗರದಲ್ಲಿ ಕುಳಿತ ನಮ್ಮಂಥವರಲ್ಲ.

ಆದ್ದರಿಂದ ಪ್ರತಿ ಶಾಲೆಯೂ ಮೂರು ಕೆಲಸ ಮಾಡಲಿ. ಒಂದು, ಇಂದಿನಿಂದ ಬರೆಯುವ ಕನ್ನಡವೆಲ್ಲ ಯೂನಿಕೋಡಿನಲ್ಲಿರಲಿ. ಅಚ್ಚಿನ ಮನೆಯವರು ಹಳೆಯ ಫಾಂಟ್ ಕೇಳಿದರೆ ಅವರಿಗಾಗಿ ಬೇರೆ ಪ್ರತಿ ಮಾಡಿಕೊಡಿ, ಮೂಲ ಮಾತ್ರ ಯೂನಿಕೋಡಿನಲ್ಲೇ ಉಳಿಯಲಿ. ಎರಡು, ಹೆಸರಿನಲ್ಲಿ ಅನುಸ್ವಾರದ ಜಾಗಕ್ಕೆ ಅಂಕಿ ಸೊನ್ನೆ ಬೀಳದಂತೆ ಟೈಪ್ ಮಾಡುವಾಗಲೇ ಎಚ್ಚರವಿರಲಿ. ಮೂರು, ಹಳೆಯ ಕಡತಗಳನ್ನು ಹುಡುಕಿ, ಪ್ರತಿ ಮಾಡಿ, ಪರಿವರ್ತಿಸಿ, ಮಕ್ಕಳಿಂದ ಓದಿಸಿ ತಿದ್ದಿಸಿ. ಇಡೀ ಊರಿಗೆ ಉಪಯೋಗವಾಗುವ ಯೋಜನಾ ಕಾರ್ಯ ಇದಕ್ಕಿಂತ ಬೇರೆ ಬೇಕೆ?

ಮುಂದಿನ ಸಲ ಪರದೆಯ ಮೇಲೆ ಪೌಂಡ್ ಚಿಹ್ನೆಗಳ ಜಾತ್ರೆ ಕಂಡರೆ ಗಾಬರಿಯಾಗಬೇಡಿ. ಅಳಿಸುವ ಗುಂಡಿಯಿಂದ ಬೆರಳು ದೂರವಿಡಿ. ಮಕ್ಕಳನ್ನು ಕರೆದು ಕೇಳಿ: 'ಇದನ್ನು ಯಾವ ಕೋಷ್ಟಕದಿಂದ ಓದಬೇಕು, ಹೇಳಿ ನೋಡೋಣ?'